ಮಕ್ಕಳನ್ನು ಮನೆಯಲ್ಲಿಯೇ ಓದಿಸುವವರು

ಮೂವತ್ತು ವರ್ಷಗಳಿಂದ ಸೀಮೆಸುಣ್ಣದ ಪುಡಿ ಮೆತ್ತಿದ ಕೈಯಿಂದಲೇ ಅನ್ನ ಉಂಡವನು ನಾನು. ಹೋದ ಬೇಸಗೆಯಲ್ಲಿ ಹಳೆಯ ಶಿಷ್ಯನೊಬ್ಬ ಮನೆಗೆ ಬಂದು, "ಮೇಷ್ಟ್ರೇ, ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲಿಯೇ ಓದಿಸೋಣ ಎಂದುಕೊಂಡಿದ್ದೇವೆ. ತಾವೇನು ಹೇಳುತ್ತೀರಿ?" ಎಂದು ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟೇ. ದರ್ಜಿಯ ಅಂಗಡಿಗೆ ಬಂದು, "ಇನ್ನು ಮೇಲೆ ಬಟ್ಟೆಯನ್ನು ನಾವೇ ಹೊಲಿದುಕೊಳ್ಳುತ್ತೇವೆ" ಎಂದಂತಾಯಿತು. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಸಿಟ್ಟು ಇಳಿದು ಕುತೂಹಲ ಉಳಿಯಿತು. ಆಮೇಲೆ ಈ ವಿಷಯವಾಗಿ ಓದಿ ತಿಳಿದುದನ್ನು ವಾಚಕರಾದ ತಮ್ಮ ಮುಂದಿಡುತ್ತಿದ್ದೇನೆ.

ಮನೆಯಲ್ಲಿ ಕಲಿಯುವುದು ನಮಗೆ ಹೊಸದೇನೂ ಅಲ್ಲ. ಐಗಳ ಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದಿದವರು, ಅಪ್ಪನ ಎದುರಿಗೆ ಕುಳಿತು ಕಸುಬು ಕಲಿತವರು ನಮ್ಮ ಹಿರಿಯರಲ್ಲಿ ಬೇಕಾದಷ್ಟು ಮಂದಿ. ಆದರೆ ಅವರಲ್ಲಿ ಬಹಳ ಜನಕ್ಕೆ ಶಾಲೆಯೇ ಇರಲಿಲ್ಲ. ಬೀದಿಯ ತುದಿಯಲ್ಲಿ ಶಾಲೆಯಿದ್ದೂ ಬೇಡವೆನ್ನುವವರ ಮಾತು ಬೇರೆ.

ಹೀಗೆ ಬೇಡವೆಂದವರಿಗೆ ಬಲ ಕೊಟ್ಟವರಲ್ಲಿ ಮುಖ್ಯನಾದವನು ಅಮೆರಿಕದ ಜಾನ್ ಹೋಲ್ಟ್. ಆತನೂ ನಮ್ಮಂತೆ ಉಪಾಧ್ಯಾಯನೇ. ಐದನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತ, ತಾನು ಹೇಳಿದ್ದೇನೆಂಬುದಕ್ಕಿಂತ ಮಕ್ಕಳು ಮಾಡುತ್ತಿರುವುದೇನೆಂಬುದನ್ನು ಗಮನಿಸಿದನು. ಅವರು ಲೆಕ್ಕದ ಕಡೆಗೆ ನೋಡುತ್ತಿರಲಿಲ್ಲ, ಮೇಷ್ಟರ ಮುಖದ ಕಡೆಗೆ ನೋಡುತ್ತಿದ್ದರು. ಹುಬ್ಬು ಏರಿದರೆ ಉತ್ತರ ಬದಲಾಯಿಸುವುದು, ಮುಖ ಅರಳಿದರೆ ಅದನ್ನೇ ಹಿಡಿದುಕೊಳ್ಳುವುದು. ತಪ್ಪಾದೀತೆಂಬ ಭಯವೇ ಅವರ ಬುದ್ಧಿಯನ್ನು ಕಟ್ಟಿಹಾಕಿದೆಯೆಂದು 1964ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ತೋರಿಸಿಕೊಟ್ಟನು. ಮೊದಲು ಶಾಲೆಗಳನ್ನು ತಿದ್ದಬಹುದೆಂದು ನಂಬಿದ್ದವನು, ಆ ಆಸೆ ಕೈಬಿಟ್ಟು, 1977ರಲ್ಲಿ ಮನೆಯಲ್ಲಿ ಓದಿಸುವವರಿಗಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸಿದನು. 1985ರಲ್ಲಿ ತೀರಿಕೊಂಡನು.

ಅಲ್ಲಿ ಮತಧರ್ಮದ ಕಾರಣದಿಂದ ಶಾಲೆ ಬಿಡಿಸಿದ ಕುಟುಂಬಗಳೂ ಬಹಳ. ಈ ಎರಡು ಗುಂಪಿನವರಿಗೂ ಒಬ್ಬರ ಮುಖ ಒಬ್ಬರಿಗೆ ಆಗದಿದ್ದರೂ ಬೇಡಿಕೆ ಒಂದೇ ಆಗಿತ್ತು. 1993ರ ವೇಳೆಗೆ ಅಮೆರಿಕದ 50 ಸಂಸ್ಥಾನಗಳಲ್ಲಿಯೂ ಇದಕ್ಕೆ ಕಾನೂನಿನ ಒಪ್ಪಿಗೆ ದೊರೆಯಿತು. 1999ರಲ್ಲಿ ಅಲ್ಲಿನ ಸರ್ಕಾರದ ಅಂದಾಜಿನಂತೆ ಸುಮಾರು ಎಂಟೂವರೆ ಲಕ್ಷ ಮಕ್ಕಳು ಮನೆಯಲ್ಲಿ ಓದುತ್ತಿದ್ದರು. 2007ರಲ್ಲಿ ಹದಿನೈದು ಲಕ್ಷ. ಇಂಗ್ಲೆಂಡಿನಲ್ಲಂತೂ 1944ರ ಶಿಕ್ಷಣ ಶಾಸನವೇ ಮಗುವಿಗೆ ವಿದ್ಯೆ ಕೊಡಿಸುವುದು ತಂದೆತಾಯಿಗಳ ಹೊಣೆಯೆಂದು ಹೇಳಿ, ಅದು ಶಾಲೆಯಿಂದಾದರೂ ಆಗಬಹುದು, ಬೇರೆ ರೀತಿಯಿಂದಲಾದರೂ ಆಗಬಹುದು ಎಂದು ದಾರಿ ಬಿಟ್ಟಿತ್ತು. ಜರ್ಮನಿಯದು ಇದಕ್ಕೆ ತೀರ ವಿರುದ್ಧ. ಮಗು ಶಾಲೆಗೆ ಹೋಗಲೇಬೇಕು.

ನನ್ನ ಶಿಷ್ಯ ಹೇಳಿದ ಕಾರಣಗಳು ಇಷ್ಟು ದೊಡ್ಡವಲ್ಲ. ಮಗು ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿದರೆ ಮರಳುವುದು ಸಂಜೆ ಐದಕ್ಕೆ. ಆಮೇಲೆ ಮನೆಪಾಠ, ಅದರ ಮೇಲೆ ಟ್ಯೂಷನ್ನು. ಓದುವಾಗ ಅಕ್ಷರ ಕೂಡಿಸಲು ತಡವರಿಸುತ್ತಾಳೆ. ಐವತ್ತು ಮಕ್ಕಳ ನಡುವೆ ಅವಳಿಗಾಗಿ ನಿಲ್ಲುವವರಿಲ್ಲ. ಮನೆಯಲ್ಲಿ ಕಥೆ ಹೇಳೆಂದರೆ ಕನ್ನಡದಲ್ಲಿ ಅರ್ಧ ಗಂಟೆ ಹೇಳುವ ಹುಡುಗಿ, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಹೇಳಬೇಕೆಂದು ಬಾಯಿ ಮುಚ್ಚಿಕೊಳ್ಳುತ್ತಾಳೆ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಅವಳ ಅಣ್ಣ ಮನೆಯಲ್ಲಿ ಕಲಿತದ್ದನ್ನು ಇವರು ಕಣ್ಣಾರೆ ಕಂಡಿದ್ದರು. ಕೆಲವರಿಗೆ ಸಂಗೀತ, ಆಟಗಳ ಅಭ್ಯಾಸಕ್ಕೆ ಹೊತ್ತು ಬೇಕು. ಕೆಲವರಿಗೆ ಪದೇ ಪದೇ ವರ್ಗವಾಗುವ ಕಷ್ಟ. ಇವನ್ನು ವಿವರಿಸಬೇಕಾಗಿಲ್ಲ.

ಆದರೆ ಭಯದ ಮಾತನ್ನು ನಾನು ಹಾಗೆ ದಾಟಿ ಹೋಗಲಾರೆ. ಹಲವು ವರ್ಷಗಳ ಹಿಂದೆ, ನಾನು ಆಗ ಇದ್ದ ಊರಿನಲ್ಲಿ, ಎಂಟನೆಯ ತರಗತಿಯ ಹುಡುಗನೊಬ್ಬನಿಗೆ ಉಗ್ಗು ಇತ್ತು. ಉಚ್ಚಾರಣೆ ಶುದ್ಧವಾಗಬೇಕೆಂಬುದು ನನ್ನ ಪಂಡಿತಾಭ್ಯಾಸದ ಹಟ. ದಿನವೂ ಎದ್ದು ನಿಲ್ಲಿಸಿ ಪದ್ಯ ಓದಿಸಿದೆ. ಮಕ್ಕಳು ನಕ್ಕರು, ಗದರಿಸಿದೆ, ಮತ್ತೆ ಓದಿಸಿದೆ. ದಸರೆಯ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಮನೆಗೆ ಹೋಗಿ ಕೇಳಿದಾಗ, ಹುಡುಗ ಒಳಗಿನ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಅವನ ತಾಯಿ ನನ್ನನ್ನು ಬಯ್ಯಲೂ ಇಲ್ಲ. ಹೋಲ್ಟನ ಮಾತನ್ನು ಓದುವಾಗ ನನಗೆ ಆ ಬಾಗಿಲು ನೆನಪಾಯಿತು.

ನಮ್ಮ ದೇಶದ ಕಾನೂನೇನೆಂದು ತಾವು ಕೇಳಬಹುದು. 2010ರ ಏಪ್ರಿಲಿನಲ್ಲಿ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಅಧಿನಿಯಮವು 6ರಿಂದ 14 ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದಿದೆ. ಸೇರಿಸದ ಪೋಷಕರಿಗೆ ಆ ಅಧಿನಿಯಮ ದಂಡನೆಯನ್ನು ಹೇಳಿಲ್ಲ. ಮನೆಪಾಠಕ್ಕೆ ಸ್ಪಷ್ಟವಾದ ಒಪ್ಪಿಗೆಯೂ ಅದರಲ್ಲಿಲ್ಲ. ಪರೀಕ್ಷೆಯ ದಾರಿಯೇನೋ ಇದೆ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 14 ವರ್ಷ ತುಂಬಿದವರು ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಐದು ವರ್ಷಗಳೊಳಗೆ, ಒಂಬತ್ತು ಅವಕಾಶಗಳಲ್ಲಿ, ಒಂದೊಂದೇ ವಿಷಯವನ್ನು ಮುಗಿಸಿಕೊಳ್ಳಬಹುದು. ತಡವರಿಸುವ ಮಗುವಿಗೆ ಇದು ದೊಡ್ಡ ಅನುಕೂಲವೇ ಸರಿ.

ಇಷ್ಟು ಹೇಳಿಯೂ ನಾನು ಶಾಲೆಯ ಪಕ್ಷವನ್ನು ಪೂರ್ತಿ ಬಿಡಲಾರೆ. ಮನೆಯಲ್ಲಿ ಓದಿಸಲು ಓದಿದವರೊಬ್ಬರು, ಬಿಡುವಿರುವವರೊಬ್ಬರು ಮನೆಯಲ್ಲಿರಬೇಕು. ಹೆಚ್ಚಾಗಿ ತಾಯಿಯೇ ತನ್ನ ಉದ್ಯೋಗ ಬಿಡಬೇಕಾಗುತ್ತದೆ. ಅಕ್ಷರ ದಾಸೋಹದ ಊಟವೇ ಆ ದಿನದ ದೊಡ್ಡ ಊಟವಾದ ಮಗುವಿಗೆ ಈ ಮಾತೇ ಸಲ್ಲದು. ಮನೆಯಲ್ಲಿ ಕೂಡದ ಜಾತಿಗಳು ಒಂದೇ ಬೆಂಚಿನಲ್ಲಿ ಕೂರುವುದು ಶಾಲೆಯಲ್ಲಿ. ಇನ್ನು ಹೆಣ್ಣುಮಗಳನ್ನು "ಮನೆಯಲ್ಲಿಯೇ ಓದುತ್ತಾಳೆ" ಎಂದು ಹೇಳಿ ಪಾತ್ರೆ ತೊಳೆಯಲು, ತಮ್ಮನನ್ನು ಎತ್ತಿಕೊಳ್ಳಲು ನಿಲ್ಲಿಸಿಕೊಂಡ ಮನೆಗಳನ್ನು ನಾನು ಬಲ್ಲೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಯಾರಾದರೂ ಹುಡುಕಿಕೊಂಡು ಬಂದಾರು.

ಶಿಷ್ಯನಿಗೆ ಮೂರು ಪ್ರಶ್ನೆ ಕೇಳಿದೆ: ದಿನಕ್ಕೆ ಎಷ್ಟು ಗಂಟೆ, ಯಾರು ಕಲಿಸುವವರು? ಹತ್ತನೆಯ ಪರೀಕ್ಷೆಯನ್ನು ಯಾವ ಮಂಡಲಿಯಲ್ಲಿ ಬರೆಸುವಿರಿ? ಮಗಳು ಆಡುವುದು ಯಾರ ಜೊತೆ? ಮೊದಲೆರಡಕ್ಕೆ ಕಾಗದದಲ್ಲಿ ಬರೆದು ತಂದಿದ್ದ. ಮೂರನೆಯದಕ್ಕೆ ಹೆಂಡತಿಯ ಮುಖ ನೋಡಿದ. ಹುಡುಗಿಯೇ ಬೆರಳು ಮಡಿಸಿ ಎರಡು ಹೆಸರು ಹೇಳಿದಳು; ಇಬ್ಬರೂ ಅವಳ ತರಗತಿಯವರೇ. ಈ ವರ್ಷ ಶಾಲೆ ಮುಗಿಯಲಿ, ಓದನ್ನು ಮಾತ್ರ ಮನೆಯಲ್ಲಿ ಕನ್ನಡದಿಂದ ಆರಂಭಿಸಿ ನೋಡೋಣವೆಂದು ಎದ್ದರು. ಶನಿವಾರ ಮಧ್ಯಾಹ್ನ ಅವಳು ನನ್ನಲ್ಲಿಗೆ ಬರುತ್ತಾಳೆ. ಗಟ್ಟಿಯಾಗಿ ಓದೆಂದು ನಾನಿನ್ನೂ ಹೇಳಿಲ್ಲ.