ಕರೆಯುವ ಹಸುವಿಗೆ ಉಣ್ಣೆ ಜ್ವರ: ರಕ್ತದೊಳಗೆ ನಡೆಯುವುದೇನು?



ನಿನ್ನೆ ಸಂಜೆ ಏಳು ಲೀಟರ್ ಕೊಟ್ಟ ಮಿಶ್ರತಳಿ ಹಸು ಇಂದು ಬೆಳಿಗ್ಗೆ ಎರಡು ಲೀಟರಿಗೆ ಇಳಿದಿದೆ. ಹಿಂಡಿ ಬೂಸವನ್ನು ಮೂಸಿ ಬಿಟ್ಟಿದೆ, ಮೆಲುಕು ಹಾಕುತ್ತಿಲ್ಲ, ಮೈ ಸುಡುತ್ತಿದೆ. "ಬಿಸಿಲಿಗೆ ಉಷ್ಣವಾಗಿರಬೇಕು, ನಾಳೆ ನೋಡೋಣ" ಎಂದು ತಾವು ಸುಮ್ಮನಾದರೆ ಆ ಒಂದು ದಿನವೇ ಹಸುವಿನ ಪ್ರಾಣಕ್ಕೆ ಕುತ್ತಾಗಬಹುದು. ಇದು ಥೈಲೇರಿಯಾ ಇರಬಹುದು. ಉಣ್ಣೆ ಕಡಿತದಿಂದ ಬರುವ ರಕ್ತದ ರೋಗವಿದು.

ಸುಮಾರು 400 ಕಿಲೋ ತೂಗುವ ಹಸುವಿನ ಮೈಯಲ್ಲಿ 25ರಿಂದ 30 ಲೀಟರ್ ರಕ್ತ ಇರುತ್ತದೆ. ಒಂದು ಲೀಟರ್ ಹಾಲು ತಯಾರಾಗಬೇಕಾದರೆ ಕೆಚ್ಚಲಿನ ಮೂಲಕ 400ರಿಂದ 500 ಲೀಟರ್ ರಕ್ತ ಹರಿದು ಹೋಗಬೇಕು. ಇದ್ದ ರಕ್ತವೇ ಮತ್ತೆ ಮತ್ತೆ ಸುತ್ತಿ ಬಂದು ಈ ಕೆಲಸ ಮಾಡುತ್ತದೆ. ಆದ್ದರಿಂದಲೇ ರಕ್ತ ಕೆಟ್ಟರೆ ಅದರ ಸುಳಿವು ಮೊದಲು ಹಾಲಿನ ಅಳತೆಯಲ್ಲೇ ಸಿಗುತ್ತದೆ.

ರಕ್ತದ ಕೆಂಪು ಕಣಗಳು ಉಸಿರುಗಾಳಿಯನ್ನು ಮೈಯೆಲ್ಲಾ ಹೊತ್ತು ಹಂಚುತ್ತವೆ. ಬಿಳಿ ಕಣಗಳದು ಊರ ತಳವಾರನ ಕೆಲಸ. ಹೊರಗಿನ ರೋಗಾಣು ಒಳಹೊಕ್ಕರೆ ಅದನ್ನು ಹಿಡಿದು ನುಂಗುತ್ತವೆ, ಅದರ ಗುರುತು ನೆನಪಿಟ್ಟುಕೊಂಡು ಪ್ರತಿವಿಷವನ್ನೂ ತಯಾರಿಸುತ್ತವೆ. ಈ ತಳವಾರರ ಠಾಣೆಗಳೇ ದುಗ್ಧರಸ ಗ್ರಂಥಿಗಳು. ಹೆಗಲಿನ ಮುಂದೆ ಕೈಯಾಡಿಸಿ ನೋಡಿದರೆ ಅಂಥದೊಂದು ಗ್ರಂಥಿ ತಮಗೇ ಸಿಗುತ್ತದೆ.

ಥೈಲೇರಿಯಾ ಮಾಡುವ ಮೋಸ ಇಲ್ಲಿದೆ. ಉಣ್ಣೆಯ ಜೊಲ್ಲಿನಿಂದ ಇಳಿದ ಈ ಸೂಕ್ಷ್ಮಜೀವಿ ನೇರವಾಗಿ ಬಿಳಿ ಕಣದೊಳಗೇ ಸೇರಿಕೊಳ್ಳುತ್ತದೆ. ತಳವಾರನ ಮನೆಯಲ್ಲೇ ಕಳ್ಳ ವಾಸ ಮಾಡಿದ ಹಾಗೆ! ಅಷ್ಟೇ ಅಲ್ಲ, ಆ ಬಿಳಿ ಕಣ ಲಂಗುಲಗಾಮಿಲ್ಲದೆ ಒಡೆದು ಎರಡಾಗಿ, ನಾಲ್ಕಾಗಿ ಬೆಳೆಯುವಂತೆ ಮಾಡುತ್ತದೆ. ಜೊತೆಗೆ ತಾನೂ ಬೆಳೆಯುತ್ತದೆ. ಗ್ರಂಥಿಗಳು ಊದಿಕೊಳ್ಳುವುದು ಇದರಿಂದಲೇ. ಮುಂದೆ ರೋಗಾಣು ಕೆಂಪು ಕಣಗಳಿಗೆ ನುಗ್ಗುತ್ತದೆ. ಕೆಟ್ಟ ಕಣಗಳನ್ನು ಗುಲ್ಮ ಸೋಸಿ ತೆಗೆಯತೊಡಗುತ್ತದೆ, ರಕ್ತ ತೆಳುವಾಗುತ್ತದೆ. ಆಗ ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ, ಹಸು ಏದುಸಿರು ಬಿಡುತ್ತದೆ. ನಮ್ಮ ನಾಟಿ ರಾಸುಗಳು ಈ ರೋಗವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಎಚ್.ಎಫ್., ಜರ್ಸಿ ರಕ್ತದ ಮಿಶ್ರತಳಿಗಳಿಗೆ ಆ ಶಕ್ತಿ ಕಡಿಮೆ.

ಹಸುವಿನ ಸಾಮಾನ್ಯ ಉಷ್ಣತೆ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್. ಅದು 104 ದಾಟಿ ಹೆಗಲ ಗ್ರಂಥಿಯೂ ಊದಿದ್ದರೆ ಕೂಡಲೇ ಸಂಘದ ಮೂಲಕ ಪಶುವೈದ್ಯರಿಗೆ ಹೇಳಿ ಕಳಿಸಿ. ಅವರು ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ಪರೀಕ್ಷೆಗೆ ಕೊಡುತ್ತಾರೆ. ಅದಕ್ಕೆ ಮೊದಲೇ ಯಾರಿಂದಲೋ ಸೂಜಿ ಹಾಕಿಸಬೇಡಿ. ಜ್ವರದ ಎಲ್ಲ ಸೂಜಿಗಳೂ ಒಂದೇ ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಮೂತ್ರ ಕಾಫಿ ಬಣ್ಣಕ್ಕೆ ತಿರುಗುವ ಬೆಬಿಸಿಯಾ ಕೂಡ ಉಣ್ಣೆಯಿಂದಲೇ ಬರುತ್ತದೆ, ಆದರೆ ಅದರ ಔಷಧಿ ಬೇರೆ. ಥೈಲೇರಿಯಾಕ್ಕೆ ಬುಪಾರ್ವಕ್ವೋನ್ ಎಂಬ ಸೂಜಿಮದ್ದು ಇದೆ. ಬೆಲೆ ಹೆಚ್ಚು, ನಿಜ. ಆದರೆ ರೋಗದ ಆರಂಭದಲ್ಲೇ ಕೊಟ್ಟರೆ ಒಳ್ಳೆಯ ಗುಣ ಕಾಣುತ್ತದೆ; ರಕ್ತ ಪೂರ್ತಿ ತೆಳುವಾದ ಮೇಲೆ ಕೊಟ್ಟರೆ ಹಣವೂ ಹೋಗಿ ಹಸುವೂ ಹೋಗಬಹುದು. ಮದ್ದು ಹಾಕಿಸಿದ ಮೇಲೆ ಎಷ್ಟು ದಿನ ಹಾಲು ಸಂಘಕ್ಕೆ ಹಾಕಬಾರದೆಂದು ವೈದ್ಯರನ್ನು ಕೇಳಿ ತಿಳಿಯಿರಿ.

ಮಿಶ್ರತಳಿ ಕರುಗಳಿಗೆ ಈ ರೋಗದ ಜೀವಂತ ಲಸಿಕೆಯನ್ನು ನಮ್ಮ ದೇಶದಲ್ಲೇ ತಯಾರಿಸಲಾಗಿದೆ. ಕೃತಕ ಗರ್ಭಧಾರಣೆಯ ವೀರ್ಯ ಕಡ್ಡಿಗಳಂತೆ ಇದನ್ನೂ ದ್ರವ ಸಾರಜನಕದಲ್ಲಿ ಕಾಪಾಡಬೇಕು. ಆದ್ದರಿಂದ ಹಾಕಿಸುವ ಮನಸ್ಸಿರುವವರು ಮುಂಚಿತವಾಗಿಯೇ ವೈದ್ಯರೊಡನೆ ಮಾತಾಡಿಕೊಳ್ಳುವುದು ಮೇಲು.

ಇನ್ನು ಉಣ್ಣೆಯ ಮಾತು. ಉಣ್ಣೆ ಕಚ್ಚಿದ ಕ್ಷಣದಲ್ಲೇ ರೋಗ ಇಳಿಯುವುದು ಅಪರೂಪ. ಅದರ ಜೊಲ್ಲಿನಲ್ಲಿರುವ ರೋಗಾಣು ಬಲಿಯಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಹಾಗಾಗಿ ದಿನಾ ಹಾಲು ಕರೆದ ಮೇಲೆ ಕಿವಿಯ ಒಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ಕೈಯಾಡಿಸಿ ಉಣ್ಣೆ ಕಿತ್ತು ಸುಟ್ಟುಹಾಕುವವರ ಕೊಟ್ಟಿಗೆಯಲ್ಲಿ ಅಪಾಯ ಬಹಳ ಕಡಿಮೆಯಾಗುತ್ತದೆ. ಬರಿಗೈಲಿ ಹಿಸುಕಬೇಡಿ, ಅದು ಮನುಷ್ಯರಿಗೂ ಒಳ್ಳೆಯದಲ್ಲ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಹಸುವಿನ ಮೈಯಿಂದ ಉದುರಿ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಹಸುವಿಗೆ ಮಾತ್ರ ಔಷಧಿ ಹೊಡೆದು ಗೋಡೆಯನ್ನು ಮರೆತರೆ ಮಾಡಿದ ಕೆಲಸ ಅರ್ಧವೇ. ಬಿರುಕು ಮುಚ್ಚಿ ಸುಣ್ಣ ಬಳಿಸಿ.

ಗುಣವಾದ ಹಸುವಿನ ಹಾಲು ಮರುದಿನವೇ ಏರಲಿಲ್ಲವೆಂದು ಬೇಸರಪಟ್ಟು ಮಾರಬೇಡಿ. ಕಳೆದ ಕೆಂಪು ಕಣಗಳನ್ನು ಮೂಳೆಯೊಳಗಿನ ಮಜ್ಜೆ ಹೊಸದಾಗಿ ತಯಾರಿಸಲು ವಾರಗಟ್ಟಲೆ ಬೇಕು. ಹಸಿರು ಮೇವು, ಹಿಂಡಿ, ಖನಿಜ ಮಿಶ್ರಣ ತಪ್ಪಿಸದೆ ಕೊಡಿ. ಹುಷಾರಾದ ಹಸುವಿನ ರಕ್ತದಲ್ಲೂ ರೋಗಾಣು ಅಲ್ಪಸ್ವಲ್ಪ ಉಳಿದಿರುತ್ತದೆ. ಅದರಿಂದ ಆ ಹಸುವಿಗೆ ತೊಂದರೆ ಇಲ್ಲದಿದ್ದರೂ, ಅದರ ರಕ್ತ ಕುಡಿದ ಮರಿ ಉಣ್ಣೆ ಬೆಳೆದು ಪಕ್ಕದ ಗೂಟದ ಹಸುವನ್ನು ಕಚ್ಚಿದರೆ ರೋಗ ಅಲ್ಲಿಗೂ ಹೋಗುತ್ತದೆ.