ಗಣಕದ ತೆರೆಯ ಮೇಲೊಂದು ಗಗನಚುಂಬಿ



ಉಚ್ಚಿಲದಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಸ್ವಲ್ಪ ದೂರ ಸಾಗಿದರೆ ಕಾಪು ಸಿಗುತ್ತದೆ. ಅಲ್ಲಿನ ಕಡಲತಡಿಯ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದರ ಎತ್ತರ ಸುಮಾರು 27 ಮೀಟರ್. ಅಂಥ ಹದಿನಾರು ದೀಪಸ್ತಂಭಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅಮೆರಿಕದ ಷಿಕಾಗೊ ನಗರದ ಸಿಯರ್ಸ್ ಗೋಪುರದ ನೆತ್ತಿ ಮುಟ್ಟುವುದಿಲ್ಲ. ಅದರ ಎತ್ತರ 442 ಮೀಟರ್. 1998ರವರೆಗೂ ಜಗತ್ತಿನ ಅತ್ಯಂತ ಎತ್ತರದ ಕಟ್ಟಡವೆಂಬ ಕೀರ್ತಿ ಅದರದಾಗಿತ್ತು. 2009ರಿಂದ ಅದಕ್ಕೆ ವಿಲ್ಲಿಸ್ ಗೋಪುರ ಎಂಬ ಹೆಸರು. ಈ ಎರಡನ್ನೂ ಗಣಕಯಂತ್ರದಲ್ಲಿ ಮೂರು ಆಯಾಮಗಳಲ್ಲಿ ರಚಿಸುವುದು ಹೇಗೆಂದು ನೋಡೋಣ.

ಕಾಗದದ ಮೇಲಿನ ಚಿತ್ರಕ್ಕೆ ಉದ್ದ, ಅಗಲ ಮಾತ್ರ. ಗಣಕದ ಮಾದರಿಯಲ್ಲಾದರೋ ಪ್ರತಿ ಬಿಂದುವಿಗೂ ಮೂರು ಸಂಖ್ಯೆಗಳಿರುತ್ತವೆ: ಪೂರ್ವ-ಪಶ್ಚಿಮವಾಗಿ ಎಷ್ಟು, ಉತ್ತರ-ದಕ್ಷಿಣವಾಗಿ ಎಷ್ಟು, ನೆಲದಿಂದ ಮೇಲಕ್ಕೆ ಎಷ್ಟು. ಬಿಂದುಗಳನ್ನು ಸೇರಿಸಿದರೆ ಅಂಚು, ಅಂಚುಗಳು ಸುತ್ತುವರಿದರೆ ಮುಖ, ಮುಖಗಳು ಕೂಡಿಕೊಂಡರೆ ಘನಾಕೃತಿ. ಒಮ್ಮೆ ಅಳತೆ ಕೊಟ್ಟರೆ ಸಾಕು, ಅದನ್ನು ಯಾವ ದಿಕ್ಕಿನಿಂದ ಬೇಕಾದರೂ ನೋಡಬಹುದು. ಬ್ಲೆಂಡರ್, ಫ್ರೀಕ್ಯಾಡ್ ಮುಂತಾದ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ.

ಆಕೃತಿ ಕಟ್ಟುವ ಎರಡು ವಿಧಾನಗಳು ನಿಮಗೆ ಈಗಾಗಲೇ ಪರಿಚಿತ. ಒಂದು ಕುಂಬಾರನ ತಿಗರಿಯದು. ದೀಪಸ್ತಂಭದ ಅರ್ಧ ಹೊರರೇಖೆಯನ್ನು ಬರೆದು ನಡುಗಂಬದ ಸುತ್ತ ಒಂದು ಸುತ್ತು ತಿರುಗಿಸಿದರೆ ಇಡೀ ಸ್ತಂಭ ಸಿದ್ಧ. ಇನ್ನೊಂದು ಚಕ್ಕುಲಿ ಒರಳಿನದು. ಅಚ್ಚಿನ ತೂತು ಯಾವ ಆಕಾರದ್ದೋ ಹೊರಬರುವ ಎಳೆಯೂ ಅದೇ ಆಕಾರದ್ದು. ನೆಲದ ಮೇಲೆ ಚೌಕ ಬರೆದು ಮೇಲಕ್ಕೆ ಎಳೆದರೆ ಚೌಕದ ಕಂಬ ಏಳುತ್ತದೆ.

ಸಿಯರ್ಸ್ ಗೋಪುರಕ್ಕೆ ಈ ಎರಡನೆಯ ವಿಧಾನವೇ ಸಾಕು. ಅದು ಒಂದು ಕಟ್ಟಡವಲ್ಲ, ಒಟ್ಟಿಗೆ ಕಟ್ಟಿದ ಒಂಬತ್ತು ಚೌಕ ಕೊಳವೆಗಳು. ಢಾಕಾದಲ್ಲಿ ಹುಟ್ಟಿದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಮತ್ತು ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಅದನ್ನು ರೂಪಿಸಿದರು. ಹಿಡಿಸೂಡಿಯ ಒಂದು ಕಡ್ಡಿಯನ್ನು ಬಗ್ಗಿಸುವುದು ಸುಲಭ, ಇಡೀ ಹಿಡಿಯನ್ನು ಬಗ್ಗಿಸುವುದು ಕಷ್ಟ. ಗಾಳಿಯ ಒತ್ತಡಕ್ಕೆ ಈ ಗೋಪುರ ನಿಂತಿರುವುದೂ ಅದೇ ತತ್ವದ ಮೇಲೆ.

ಈಗ ನೀವೇ ಕಟ್ಟಿ. ಮೂರು ಸಾಲುಗಳಲ್ಲಿ ಒಂಬತ್ತು ಚೌಕಗಳನ್ನು ಬರೆಯಿರಿ. ಪ್ರತಿ ಚೌಕದ ಬದಿ 75 ಅಡಿ, ಅಂದರೆ 22.86 ಮೀಟರ್. ಮಹಡಿಗೆ ಸುಮಾರು 4 ಮೀಟರ್ ಎಂದಿಟ್ಟುಕೊಳ್ಳಿ. ವಾಯವ್ಯ ಮತ್ತು ಆಗ್ನೇಯ ಮೂಲೆಯ ಕೊಳವೆಗಳು 50ನೆಯ ಮಹಡಿಯಲ್ಲಿ, ಅಂದರೆ 200 ಮೀಟರಿಗೆ ನಿಲ್ಲುತ್ತವೆ. ಈಶಾನ್ಯ ಮತ್ತು ನೈರುತ್ಯದವು 66ರಲ್ಲಿ, 264 ಮೀಟರಿಗೆ. ಉತ್ತರ, ಪೂರ್ವ, ದಕ್ಷಿಣದವು 90ರಲ್ಲಿ, 360 ಮೀಟರಿಗೆ. ನಡುವಿನದು ಮತ್ತು ಪಶ್ಚಿಮದ್ದು ಮಾತ್ರ 442 ಮೀಟರಿನ ತುದಿಯವರೆಗೆ. ಮೆಟ್ಟಿಲು ಮೆಟ್ಟಿಲಾದ ಆ ಪ್ರಸಿದ್ಧ ಆಕೃತಿ ಕಣ್ಣೆದುರು ಮೂಡುತ್ತದೆ.

ಇಲ್ಲೊಂದು ಲೆಕ್ಕ ಮಾಡಿ ನೋಡಿ. ಒಂಬತ್ತೂ ಕೊಳವೆಗಳು 108 ಮಹಡಿಗಳವರೆಗೆ ಏರಿದ್ದರೆ ಒಟ್ಟು 972 ಚೌಕಗಳಷ್ಟು ನೆಲ ಬೇಕಾಗುತ್ತಿತ್ತು. ನಿಮ್ಮ ಮಾದರಿಯಲ್ಲಿರುವುದು 718 ಮಾತ್ರ. ಗಾಳಿಯ ರಭಸ ಹೆಚ್ಚಿರುವ ಎತ್ತರದಲ್ಲೇ ಅದಕ್ಕೆ ಎದೆಯೊಡ್ಡುವ ಗೋಡೆ ಕಡಿಮೆ. ಚಿತ್ರವೊಂದು ಈ ಸಂಗತಿಯನ್ನು ತಾನಾಗಿ ಹೇಳದು, ಅಳತೆಯಿರುವ ಮಾದರಿ ಹೇಳುತ್ತದೆ.

ಒಂದು ಎಚ್ಚರಿಕೆ. ಕಾರ್ಯಕ್ರಮವೊಂದಕ್ಕಾಗಿ ಇದೇ ಮಾದರಿ ಮಾಡಹೊರಟ ನಾನು ಎತ್ತರವನ್ನು ಮೀಟರಿನಲ್ಲಿ ಕೊಟ್ಟು, ಬದಿಗೆ ಮರೆತು 75 ಎಂದೇ ತುಂಬಿಸಿದೆ. ಗಣಕ ಚಕಾರವೆತ್ತಲಿಲ್ಲ. ಅಗಲದ ಎರಡರಷ್ಟೂ ಎತ್ತರವಿಲ್ಲದ ಡೊಳ್ಳು ಹೊಟ್ಟೆಯ ಕಟ್ಟಡವೊಂದು ತೆರೆಯ ಮೇಲೆ ಗಂಭೀರವಾಗಿ ನಿಂತಿತು! ನನ್ನ ತಪ್ಪು ನಗೆಯಲ್ಲಿ ಮುಗಿಯಿತು. 1999ರಲ್ಲಿ ಹೀಗೆಯೇ ಎರಡು ಅಳತೆ ಪದ್ಧತಿಗಳು ಬೆರೆತುಹೋದ ಕಾರಣ ನಾಸಾ ಸಂಸ್ಥೆ ಮಂಗಳ ಗ್ರಹಕ್ಕೆ ಕಳಿಸಿದ್ದ ನೌಕೆಯನ್ನೇ ಕಳೆದುಕೊಂಡಿತು.

ಇನ್ನೊಂದು ಮಾತು. ತೆರೆಯ ಮೇಲೆ ಭಾರವೂ ಇಲ್ಲ, ಗಾಳಿಯೂ ಇಲ್ಲ. ಕಡ್ಡಿಯಷ್ಟು ತೆಳುವಾದ ಸಾವಿರ ಮೀಟರಿನ ಗೋಪುರವೂ ಅಲ್ಲಿ ನಿಂತೀತು. ಅದು ನೆಲದ ಮೇಲೆ ನಿಲ್ಲುವುದೇ ಎಂಬುದನ್ನು ತಿಳಿಯಲು ಭೌತಶಾಸ್ತ್ರ ಬೇಕು, ಅದಕ್ಕೆಂದೇ ಬೇರೆ ಲೆಕ್ಕಾಚಾರಗಳಿವೆ.

ಹಾಗಾದರೆ ಎಲ್ಲಿಂದ ಆರಂಭಿಸುವುದು? ನಿಮ್ಮ ಊರಿನ ಎತ್ತರದ ಕಟ್ಟಡದಿಂದಲೇ. ಬಿಸಿಲಿನಲ್ಲಿ ಒಂದು ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನು ಅಳೆಯಿರಿ. ಅದೇ ಹೊತ್ತಿಗೆ, ಸಮತಟ್ಟು ನೆಲದ ಮೇಲೆ, ಕಟ್ಟಡದ ನೆರಳನ್ನೂ ಅಳೆಯಿರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಎತ್ತರ ಮೀಟರುಗಳಲ್ಲಿ ದೊರೆಯುತ್ತದೆ. ಆ ಸಂಖ್ಯೆಯನ್ನು ಬರೆದುಕೊಂಡ ಮೇಲೆ ಗಣಕದ ಮುಂದೆ ಕುಳಿತುಕೊಳ್ಳಿ.