ಮನೆಯ ತೊಟ್ಟಿಗೆ ಮೊದಲ ಹವಳ

ಗಾಜಿನ ತೊಟ್ಟಿಯಲ್ಲಿ ಕಡಲಮೀನು ಸಾಕುವವರ ಮನಸ್ಸು ಹವಳದತ್ತ ಹರಿಯುವುದು ಸಹಜ. ಆದರೆ ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದು ಪ್ರಾಣಿ. ತನ್ನ ಒಡಲಿನೊಳಗೆ ಸೂಕ್ಷ್ಮ ಪಾಚಿಗಳಿಗೆ ಆಶ್ರಯವಿತ್ತು, ಅವು ಬೆಳಕಿನಿಂದ ಸಿದ್ಧಪಡಿಸುವ ಆಹಾರವನ್ನು ಬಹುಮಟ್ಟಿಗೆ ನೆಚ್ಚಿ ಬದುಕತಕ್ಕದ್ದು. ನೀರು ಅತಿಯಾಗಿ ಕಾದರೆ ಪಾಚಿ ತೊಲಗಿ ಹವಳವು ಬಿಳಚಿಕೊಳ್ಳುವುದು.

ಆದುದರಿಂದ ಮೊದಲು ನೀರು ಹದಗೊಳ್ಳಬೇಕು. ಅಮೋನಿಯವನ್ನು ನೈಟ್ರೈಟಾಗಿಯೂ ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ಕೆಲವು ವಾರಗಳೇ ಹಿಡಿಯುತ್ತವೆ. ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್, ಲವಣ ಸಾವಿರಕ್ಕೆ 35 ಭಾಗ ಸ್ಥಿರವಾಗಿ ನಿಂತ ಮೇಲೆಯೇ ಹವಳದ ಮಾತು. ಆವಿಯಾದಷ್ಟಕ್ಕೆ ಶುದ್ಧವಾದ ಸಿಹಿನೀರನ್ನೇ ತುಂಬಬೇಕು, ಉಪ್ಪು ಆವಿಯಾಗುವುದಿಲ್ಲವಷ್ಟೆ.

ಮೊದಲ ಆಯ್ಕೆಗೆ ಅಣಬೆಹವಳವೇ ಮೇಲು. ಮಂದ ಬೆಳಕು, ಮಂದ ಪ್ರವಾಹ ಅದಕ್ಕೆ ಸಾಕು. ತೊಗಲುಹವಳವೂ ಗಟ್ಟಿಜೀವ, ಆಗಾಗ ಮುದುಡಿಕೊಂಡು ಮೇಣದಂತಹ ಪೊರೆ ಕಳಚುವುದು ಅದರ ಸ್ವಭಾವ, ಗಾಬರಿ ಬೇಡ. ಹಸಿರು ನಕ್ಷತ್ರಹವಳ ಗರಿಕೆಯಂತೆ ಹಬ್ಬುವುದರಿಂದ ಪ್ರತ್ಯೇಕ ಕಲ್ಲಿನ ಮೇಲಿಡುವುದು ಕ್ಷೇಮ. ಜೋವಾಂಥಿಡ್‌ಗಳು ಬಲು ಸುಂದರ. ಆದರೆ ಕೆಲವುಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕೈಗವಸಿಲ್ಲದೆ ಮುಟ್ಟಲಾಗದು, ಅವು ಅಂಟಿದ ಕಲ್ಲನ್ನು ಎಂದಿಗೂ ಕುದಿಸಲಾಗದು, ಅದರ ಆವಿಯೂ ಅಪಾಯಕರ.

ಇನ್ನೊಂದು ಸಂಗತಿಯುಂಟು. ದಿಬ್ಬ ಕಟ್ಟುವ ಕಲ್ಲುಹವಳ, ಕಡಲಬೀಸಣಿಗೆ ಮೊದಲಾದವುಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಮನ್ನಾರ್ ಕೊಲ್ಲಿಯಿಂದಲೋ ಕಚ್ಛ್ ಕೊಲ್ಲಿಯಿಂದಲೋ ಕಿತ್ತು ತಂದುದನ್ನು ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ ಕೊಳ್ಳುವುದು ಅಪರಾಧ. ಮೂಲವನ್ನೂ ಕಾಗದಪತ್ರಗಳನ್ನೂ ವಿಚಾರಿಸಿಯೇ ಹಣ ಕೊಡತಕ್ಕದ್ದು. ಒಂದು ಅಣಬೆಹವಳ ಆರು ತಿಂಗಳು ಸುಖವಾಗಿ ಬಾಳಿದ ಮೇಲೆ ಎರಡನೆಯದನ್ನು ಯೋಚಿಸಿದರಾಯಿತು.